ಪಂಚಿಂಗ್‌ಗೆ ಮೊದಲು, ಪಂಚಿಂಗ್ ಆದ ಮೇಲೆ

ನಮ್ಮ ಚಿಕ್ಕಮ್ಮನ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇರುತ್ತಿತ್ತು. ಎಲ್ಲರ ಮನೆಯಂತೆ ಅದರಲ್ಲೂ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘಕ್ಕೆ ಕಂತು ಕಟ್ಟಿದ ದಿನ ಬರೆದಿರುತ್ತಿದ್ದವು. ಇವುಗಳ ಜೊತೆಗೆ ಪ್ರತಿ ತಾರೀಖಿನ ಚೌಕದ ಮೂಲೆಯಲ್ಲಿ ಸೀಸದ ಕಡ್ಡಿಯಲ್ಲಿ ಬರೆದ ಎರಡು ಅಂಕಿಗಳು. 8.40, 5.55. ಮರುದಿನ 8.35, 6.00. ಅವು ಏನೆಂದು ಕೇಳಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಚಿಕ್ಕಮ್ಮ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾರ್ಖಾನೆಯ ಲೆಕ್ಕದಲ್ಲಿ ಅವಳ ಕೆಲಸ 9ಕ್ಕೆ ಶುರುವಾಗಿ 5.30ಕ್ಕೆ ಮುಗಿಯುತ್ತಿತ್ತು, ನಡುವೆ ಅರ್ಧ ಗಂಟೆ ಊಟ. ಕ್ಯಾಲೆಂಡರಿನಲ್ಲಿದ್ದದ್ದು ಅವಳು ಮಿಷಿನ್ ಮುಂದೆ ಕೂತ ಹೊತ್ತು, ಎದ್ದ ಹೊತ್ತು.

"ಬೆಳಿಗ್ಗೆ ಇಪ್ಪತ್ತು ನಿಮಿಷ ಮೊದ್ಲು ಕೂತ್ರೆ ಮೊದಲನೇ ಅವರ್ ಟಾರ್ಗೆಟ್ ಆಗ್ತದೆ ಮಗ. ಇಲ್ದಿದ್ರೆ ಸಂಜೆ ತನಕ ಬೈಸ್ಕೊಂಡೇ ಇರ್ಬೇಕು" ಅಂದಿದ್ದಳು. ಊಟದ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಮಿಷಿನ್‌ಗೇ ಹೋಗುತ್ತಿತ್ತು. ಸಂಜೆ 5.30ಕ್ಕೆ ಸಾಲಾಗಿ ಹೋಗಿ ಪಂಚ್ ಮಾಡಿ ಬಂದು, ಉಳಿದ ಪೀಸ್ ಮುಗಿಸಲು ಮತ್ತೆ ಕೂರಬೇಕು. ಇದನ್ನು ಯಾರೂ ಓಟಿ ಎಂದು ಕರೆಯುತ್ತಿರಲಿಲ್ಲ. ಓಟಿ ಎಂದರೆ ಸೂಪರ್‌ವೈಸರ್ ಹೆಸರು ಬರೆದುಕೊಂಡು ನಿಲ್ಲಿಸಿಕೊಳ್ಳುವುದು. ಇದಕ್ಕೆ ಹೆಸರೇ ಇರಲಿಲ್ಲ.

ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಹದಿನೈದು, ಸಂಜೆ ಇಪ್ಪತ್ತೈದು: ಕೂಡಿದರೆ ದಿನಕ್ಕೆ ಒಂದು ಗಂಟೆ. ತಿಂಗಳಿಗೆ 26 ದಿನ ಕೆಲಸವೆಂದರೆ 26 ಗಂಟೆ, ಮೂರು ದಿನದ ದುಡಿಮೆಗಿಂತ ಹೆಚ್ಚು. ವರ್ಷಕ್ಕೆ 312 ಗಂಟೆ. ಎಂಟು ಗಂಟೆಗೆ ಒಂದು ದಿನದಂತೆ ಭಾಗಿಸಿದರೆ 39 ದಿನ. ಇದನ್ನೇ ಕಾರ್ಖಾನೆಯ ಕಡೆಯಿಂದ ನೋಡಿ. ಸಾವಿರ ಹೆಂಗಸರು ದಿನಕ್ಕೆ ಒಂದೊಂದು ಗಂಟೆ ಹೀಗೆ ಕೊಟ್ಟರೆ, 125 ಮಂದಿಯನ್ನು ಸಂಬಳವಿಲ್ಲದೆ ಕೆಲಸಕ್ಕೆ ಇಟ್ಟುಕೊಂಡಂತಾಯಿತು. ಸಂಬಳದಲ್ಲಿ ನೂರು ರೂಪಾಯಿ ಹಿಡಿದರೆ ಅಂದೇ ಗಲಾಟೆಯಾಗುತ್ತದೆ, ಏಕೆಂದರೆ ಅದು ಚೀಟಿಯಲ್ಲಿ ಕಾಣುತ್ತದೆ. ಹೊತ್ತನ್ನು ಹಿಡಿದುಕೊಂಡರೆ ಯಾವ ಚೀಟಿಯಲ್ಲೂ ಕಾಣುವುದಿಲ್ಲ.

ಕಾನೂನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಚಿಕ್ಕಮ್ಮ ದುಡಿದದ್ದು 1948ರ ಕಾರ್ಖಾನೆಗಳ ಕಾಯ್ದೆ ಜಾರಿಯಲ್ಲಿದ್ದ ಕಾಲದಲ್ಲಿ. ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ದಿನಕ್ಕೆ 9 ಗಂಟೆ ಮೀರುವಂತಿಲ್ಲ, ಒಂದೇ ಸಮನೆ ಐದು ಗಂಟೆ ದುಡಿಸುವ ಮೊದಲು ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದಿತ್ತು ಆ ಕಾಯ್ದೆ. ಮೀರಿದರೆ, ಮೀರಿದ ಹೊತ್ತಿಗೆ ಎರಡರಷ್ಟು ಕೂಲಿ. ದಿನಕ್ಕೆ 9 ಗಂಟೆ ಎಂಬ ಮಾತನ್ನು ಹಿಡಿದುಕೊಂಡು 'ನಿಮ್ಮದು ಎಂಟೇ ಗಂಟೆ, ಇನ್ನೊಂದು ಗಂಟೆ ಕೂರಿ' ಎನ್ನುವ ಮೇಲಿನವರು ಎಲ್ಲ ಕಡೆ ಇದ್ದರು. ಆದರೆ ಆರು ದಿನ ಎಂಟೆಂಟು ಗಂಟೆ ದುಡಿದವಳ ವಾರದ 48 ಅಲ್ಲಿಗೇ ತುಂಬಿತು. ಅದರ ಮೇಲಿನ ಪ್ರತಿಯೊಂದು ಗಂಟೆಗೂ ಎರಡರಷ್ಟು ಸಲ್ಲಬೇಕು. ಅಂದರೆ ಚಿಕ್ಕಮ್ಮನ ತಿಂಗಳ 26 ಗಂಟೆಗೆ 52 ಗಂಟೆಯ ಕೂಲಿ, ಆರೂವರೆ ದಿನದ ಸಂಬಳ. ಅವಳಿಗೆ ಸಿಕ್ಕಿದ್ದು ಏನೂ ಇಲ್ಲ.

ಆ ಕಾಯ್ದೆಯ 103ನೇ ಕಲಮು ನನ್ನನ್ನು ಬಹಳ ಕಾಡಿದೆ. ಯಂತ್ರ ತಿರುಗುತ್ತಿರುವಾಗ, ಊಟದ ಅಥವಾ ಬಿಡುವಿನ ಹೊತ್ತು ಬಿಟ್ಟು, ಕಾರ್ಖಾನೆಯೊಳಗೆ ಸಿಕ್ಕಿದ ವ್ಯಕ್ತಿ ಅಲ್ಲಿ ದುಡಿಯುತ್ತಿದ್ದ ಎಂದೇ ಭಾವಿಸಬೇಕು, ಅಲ್ಲವೆಂದು ಸಾಬೀತಾಗುವವರೆಗೆ ಎನ್ನುತ್ತಿತ್ತು ಅದು. ಬರೆದವರಿಗೆ ಕಾರ್ಖಾನೆಗಳ ಒಳಗುಟ್ಟು ತಿಳಿದಿತ್ತು. 'ಅವಳು ಸುಮ್ಮನೆ ಕೂತಿದ್ದಳು, ಗೆಳತಿಗೆ ಕಾಯುತ್ತಿದ್ದಳು' ಎಂಬ ನೆಪ ಮುಂದೊಂದು ದಿನ ಬರುತ್ತದೆಂದು ಊಹಿಸಿಯೇ ಆ ಬಾಗಿಲು ಮುಚ್ಚಿದ್ದರು. ಕೆಲಸದ ವೇಳೆಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು, ಹಾಜರಿ ಪುಸ್ತಕ ಅದಕ್ಕೆ ಸರಿಹೊಂದಬೇಕು, ಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ದುಡಿಸಲೇಬಾರದು ಎಂಬ ಕಲಮುಗಳೂ ಇದ್ದವು. ಆದರೆ ಇವೆಲ್ಲ ಕೆಲಸ ಮಾಡುತ್ತಿದ್ದದ್ದು 5.40ಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಒಳಗೆ ಬಂದು ನಿಂತಾಗ ಮಾತ್ರ. ನಮ್ಮ ಚಿಕ್ಕಮ್ಮ ಹದಿನಾಲ್ಕು ವರ್ಷದಲ್ಲಿ ಆ ಹೊತ್ತಿಗೆ ಅಂಥ ಒಬ್ಬರನ್ನೂ ಕಾಣಲಿಲ್ಲ.

ಈ ಗಂಟೆ ಹುಟ್ಟುವುದು ಎಲ್ಲಿ ಎಂಬುದನ್ನು ನೋಡಬೇಕು. ಸೂಪರ್‌ವೈಸರ್‌ನ ಕೆಟ್ಟತನದಿಂದ ಹುಟ್ಟುವುದಿಲ್ಲ, ಅವನೂ ಮೇಲಿನಿಂದ ಬೈಸಿಕೊಳ್ಳುವವನೇ. ಒಂದು ಅಂಗಿಯ ಕಾಲರ್ ಹೊಲಿಯಲು, ತೋಳು ಕೂಡಿಸಲು, ಗುಂಡಿ ಮನೆ ಕೊಯ್ಯಲು ಎಷ್ಟು ನಿಮಿಷ ಬೇಕು ಎಂದು ಕಾರ್ಖಾನೆಯಲ್ಲಿ ಅಳೆದಿಟ್ಟಿರುತ್ತಾರೆ. ಅದಕ್ಕೆ ಸ್ಯಾಮ್ ಎನ್ನುತ್ತಾರೆ. ನಿಮಿಷದ ನೂರರ ಒಂದು ಭಾಗದವರೆಗೆ ಲೆಕ್ಕ. ಆ ಸ್ಯಾಮ್ ಆಧಾರದ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇಳಿಯುತ್ತದೆ, ಲೈನಿನ ಬೋರ್ಡಿನ ಮೇಲೆ ಗಂಟೆಗೊಮ್ಮೆ ಅಂಕಿ ಏರುತ್ತದೆ. ದಾರ ತುಂಡಾಗುವುದು, ಸೂಜಿ ಮುರಿಯುವುದು, ಹಿಂದಿನವಳು ತಡಮಾಡುವುದು, ನೀರು ಕುಡಿಯಲು ಏಳುವುದು, ತಿಂಗಳ ಹೊಟ್ಟೆನೋವು ಇವಕ್ಕೆಲ್ಲ ಕಾಗದದ ಮೇಲೆ ಒಂದಿಷ್ಟು ರಿಯಾಯಿತಿ ಇರುತ್ತದೆ, ಲೈನಿನಲ್ಲಿ ಇರುವುದಿಲ್ಲ. ಇನ್ನೂ ಮೇಲಕ್ಕೆ ಹೋದರೆ ಹೊರದೇಶದ ಬ್ರ್ಯಾಂಡ್. ಪೀಸಿಗೆ ಇಷ್ಟು ಬೆಲೆ, ಈ ತಾರೀಖಿಗೆ ಹಡಗು ಎಂದು ಅದು ಗೊತ್ತುಮಾಡಿರುತ್ತದೆ. ಹಡಗು ತಪ್ಪಿದರೆ ಮಾಲನ್ನು ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಸಾಮಾನ್ಯವಾಗಿ ಕಾರ್ಖಾನೆಯ ತಲೆಗೆ. ಈ ಒತ್ತಡ ಒಂದೊಂದೇ ಮೆಟ್ಟಿಲು ಇಳಿದು ಬಂದು ಕೊನೆಗೆ ನಿಲ್ಲುವುದು ಒಬ್ಬ ಹೆಂಗಸಿನ ಊಟದ ಡಬ್ಬಿಯ ಮುಂದೆ. ಅಲ್ಲಿಂದ ಕೆಳಕ್ಕೆ ಸಾಗಹಾಕಲು ಅವಳಿಗೆ ಯಾರೂ ಇಲ್ಲ.

ಗುಂಡಿ ಮನೆಗೆ ಬೇಕಾದ ಸೆಕೆಂಡನ್ನು ಅಳೆಯಬಲ್ಲ ಕಾರ್ಖಾನೆಗೆ ಸಂಜೆಯ ಇಪ್ಪತ್ತೈದು ನಿಮಿಷವನ್ನು ಅಳೆಯಲು ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಕೆಲಸದ ಹೊತ್ತು ಎಂದರೆ ಯಾವುದು? ಕೈ ಆಡುತ್ತಿರುವ ಹೊತ್ತೋ, ಅಥವಾ ನನ್ನ ಹೊತ್ತು ನನ್ನ ಕೈಯಲ್ಲಿಲ್ಲದ ಹೊತ್ತೋ? ಈ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಎಂಬತ್ತು ವರ್ಷಗಳಿಂದ ಮೊಕದ್ದಮೆಗಳು ನಡೆದಿವೆ. ಮಿಶಿಗನ್ ರಾಜ್ಯದ ಮೌಂಟ್ ಕ್ಲೆಮೆನ್ಸ್ ಎಂಬಲ್ಲಿ ಪಿಂಗಾಣಿ ಪಾತ್ರೆ ಮಾಡುವ ಕಾರ್ಖಾನೆಯ ಕೆಲಸಗಾರರು ಒಂದು ದಾವೆ ಹೂಡಿದರು. ಒಳಗೆ ಬಂದು ಹಾಜರಿ ಒತ್ತಿ, ತಮ್ಮ ಜಾಗಕ್ಕೆ ನಡೆದುಹೋಗಿ, ಏಪ್ರನ್ ಕಟ್ಟಿಕೊಂಡು ಸಜ್ಜಾಗುವ ಹೊತ್ತಿಗೂ ಸಂಬಳ ಬೇಕೆಂಬುದು ಅವರ ವಾದ. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಮಾತನ್ನು ಎತ್ತಿಹಿಡಿಯಿತು. ಮಾಲೀಕ ಸರಿಯಾದ ಲೆಕ್ಕ ಇಡದಿದ್ದರೆ ಆ ತಪ್ಪಿನ ಶಿಕ್ಷೆ ಕೆಲಸಗಾರನಿಗೆ ಆಗಬಾರದು, ಆತ ಒಪ್ಪುವಂಥ ಒಂದು ಅಂದಾಜು ಕೊಟ್ಟರೆ ಸಾಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂಬುದು ಆ ತೀರ್ಪಿನ ಇನ್ನೊಂದು ದೊಡ್ಡ ಮಾತು. ಮರುವರ್ಷವೇ, 1947ರಲ್ಲಿ, ಅಲ್ಲಿನ ಸಂಸತ್ತು ಹೊಸ ಕಾಯ್ದೆ ತಂದು ಈ ನಡಿಗೆಯ ಹೊತ್ತನ್ನು ಸಂಬಳದ ಲೆಕ್ಕದಿಂದ ಹೊರಗಿಟ್ಟಿತು. ಲೆಕ್ಕ ಇಡದ ಮಾಲೀಕನ ಕುರಿತ ಆ ಮಾತು ಮಾತ್ರ ಉಳಿದುಕೊಂಡಿತು.

2014ರಲ್ಲಿ ಮತ್ತೊಂದು ಪ್ರಕರಣ. ನೆವಾಡ ರಾಜ್ಯದಲ್ಲಿ ಅಮೆಜಾನ್ ಮಾಲು ತುಂಬಿದ ಗೋದಾಮುಗಳಲ್ಲಿ, ಗುತ್ತಿಗೆ ಸಂಸ್ಥೆಯೊಂದರ ಕೆಲಸಗಾರರು ಶಿಫ್ಟ್ ಮುಗಿದ ಮೇಲೆ ಮೈ ತಪಾಸಣೆಗೆ ಸಾಲು ನಿಲ್ಲಬೇಕಿತ್ತು. ಸುಮಾರು 25 ನಿಮಿಷ ಹಿಡಿಯುತ್ತದೆ ಎಂಬುದು ಅವರ ದೂರು. ತಪಾಸಣೆ ಎಂಬುದು ಗೋದಾಮಿನ ಮುಖ್ಯ ಕೆಲಸದ ಅವಿಭಾಜ್ಯ ಭಾಗವಲ್ಲ, ಅದಕ್ಕೆ ಸಂಬಳ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು. ಆರು ವರ್ಷದ ಬಳಿಕ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಆಪಲ್ ಅಂಗಡಿಯ ನೌಕರರ ಚೀಲ ತಪಾಸಣೆಯ ಮೊಕದ್ದಮೆಯಲ್ಲಿ ಇದಕ್ಕೆ ತಿರುಗುಮುರುಗಾದ ತೀರ್ಪು ಕೊಟ್ಟಿತು. ಚೀಲ ತೆರೆದು ತೋರಿಸಿ ಹೊರಗೆ ಹೋಗುವತನಕ ಆತ ಮಾಲೀಕನ ಹಿಡಿತದಲ್ಲೇ ಇದ್ದಾನೆ, ಆದ್ದರಿಂದ ಸಂಬಳ ಕೊಡಬೇಕು. ಅಲ್ಲಿನ ರಾಜ್ಯದ ಕಾನೂನು ಕೇಳುವ ಪ್ರಶ್ನೆಯೇ ಬೇರೆ. ನೀನು ಏನು ಮಾಡುತ್ತಿದ್ದೆ ಎಂದಲ್ಲ, ನೀನು ಯಾರ ಹಿಡಿತದಲ್ಲಿದ್ದೆ ಎಂದು ಅದು ಕೇಳುತ್ತದೆ. ಸರಿಯಾದ ಪ್ರಶ್ನೆ ಅದೇ ಎಂದು ನನಗೆ ಅನ್ನಿಸುತ್ತದೆ. ಗಾರ್ಮೆಂಟ್ಸ್‌ನ ಗೇಟಿನಲ್ಲೂ ಹೆಂಗಸರು ಚೀಲ ತೆರೆದು ತೋರಿಸಿಯೇ ಹೊರಗೆ ಬರಬೇಕು. ಆ ಸಾಲಿನಲ್ಲಿ ನಿಂತವಳು ಊರಿನ ವ್ಯಾನು ಹೊರಟುಹೋಗುವುದನ್ನು ನೋಡುತ್ತ ನಿಲ್ಲಬಹುದೇ ಹೊರತು ಓಡಿಹೋಗಿ ಹತ್ತುವಂತಿಲ್ಲ.

ನಮ್ಮಲ್ಲೂ ಇಂಥ ಒಳ್ಳೆಯ ತಿಳಿವಳಿಕೆಯ ಕಾನೂನು ಇತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಕೆಲಸದ ಗಂಟೆಗಳನ್ನು ವಿವರಿಸಿದ ರೀತಿ ನೋಡಿ: ಕೆಲಸಗಾರ ಮಾಲೀಕನ ಅಧೀನದಲ್ಲಿರುವ ಹೊತ್ತೆಲ್ಲ ಕೆಲಸವೇ. ಬಸ್ಸು ಓಡುವ ಹೊತ್ತು ಮಾತ್ರವಲ್ಲ, ಕಂಡಕ್ಟರ್ ಹಣ ಎಣಿಸಿ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಟಿಕೆಟ್ ಲೆಕ್ಕ ಒಪ್ಪಿಸುವುದು, ಡ್ರೈವರ್ ಗಾಡಿಯನ್ನು ಡಿಪೋದಲ್ಲಿ ನಿಲ್ಲಿಸುವುದು ಎಲ್ಲವೂ ಸೇರಿತು. ಬಸ್ ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಸುಮ್ಮನೆ ಕಾದು ನಿಂತದ್ದನ್ನೂ ಸೇರಿಸಿದ್ದಾರೆ. ರಾತ್ರಿ ಡಿಪೋ ಮುಂದೆ ಚಿಲ್ಲರೆ ಎಣಿಸುತ್ತ ಕೂತ ಕಂಡಕ್ಟರನ್ನು ನೋಡಿದಾಗಲೆಲ್ಲ, ಇದನ್ನು ಬರೆದವರು ಒಂದು ದಿನವಾದರೂ ಅವರ ಪಕ್ಕದಲ್ಲಿ ಕೂತಿರಬೇಕು ಎನ್ನಿಸುತ್ತದೆ. ಹೊಲಿಗೆಯವಳಿಗೆ ಇಷ್ಟು ಬಿಡಿಸಿ ಬರೆದ ಮಾತು ಸಿಗಲಿಲ್ಲ.

ಮನೆಮನೆಗೆ ಊಟ ತಲುಪಿಸುವ ಹುಡುಗರ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಹಸಿಯಾಗಿದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನು ಅವರಿಗೊಂದು ಕಲ್ಯಾಣ ನಿಧಿ ಕೊಟ್ಟಿದೆ, ಅದು ಸಣ್ಣದಲ್ಲ. ಆದರೆ ಹೋಟೆಲಿನ ಮುಂದೆ ಆರ್ಡರಿಗಾಗಿ ಕಾಯುವ ಅರ್ಧ ಗಂಟೆ ಯಾರದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕನ್ನಡದಲ್ಲಿ ಇದಕ್ಕೆಲ್ಲ ಒಂದು ಹಳೆಯ ಮಾತಿದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ನಮ್ಮ ಶಾಸನಗಳಲ್ಲಿ ಬಿಟ್ಟಿ ಎಂದರೆ ಅರಸನಿಗೋ ಊರಿನ ಒಡೆಯನಿಗೋ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಈಗ ಆ ಮಾತು ಪುಕ್ಕಟೆ ಎಂಬ ಅರ್ಥಕ್ಕೆ ಇಳಿದಿದೆ. ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಈ ಬಿಟ್ಟಿಯನ್ನೇ. ಅದರ ಇಂಗ್ಲಿಷ್ ಪಠ್ಯದಲ್ಲೂ ಬೇಗಾರ್ ಎಂಬ, ನಮ್ಮ ನೆಲದಲ್ಲಿ ಬಳಕೆಯಲ್ಲಿದ್ದ ಪದವನ್ನೇ ಇಟ್ಟಿದ್ದಾರೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಇದರ ಅರ್ಥವನ್ನು ವಿಸ್ತರಿಸಿದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ. ಹಸಿವು ಮತ್ತು ಬಡತನ ತಳ್ಳಿದ್ದರಿಂದ ಒಪ್ಪಿಕೊಂಡದ್ದನ್ನು ಇಚ್ಛೆಯಿಂದ ಒಪ್ಪಿದ್ದು ಎನ್ನಲಾಗದು. ಕೋವಿಡ್ ಸಮಯದಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಬಹುದು, ಹೆಚ್ಚುವರಿ ಹೊತ್ತಿಗೆ ಎರಡರಷ್ಟು ಕೊಡಬೇಕಿಲ್ಲ ಎಂದು ಆದೇಶ ಹೊರಡಿಸಿತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ದುಡಿದವರಿಗೆಲ್ಲ ಓಟಿ ಹಣ ಕೊಡಬೇಕೆಂದಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ರಾಜ್ಯವೂ ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಆದೇಶ ಮಾಡಿ, ಹೈಕೋರ್ಟ್ ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ಹಿಂತೆಗೆದುಕೊಂಡಿತ್ತು.

ಆಮೇಲೆ ಅದೇ ದಿಕ್ಕಿನಲ್ಲಿ ಕಾನೂನಿನ ಮೂಲಕವೇ ಹೆಜ್ಜೆ ಇಟ್ಟದ್ದೂ ಆಯಿತು. 2023ರಲ್ಲಿ ಕರ್ನಾಟಕ ತನ್ನ ಮಟ್ಟಿಗೆ ಕಾರ್ಖಾನೆಗಳ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು, ಕೆಲಸಗಾರರ ಲಿಖಿತ ಒಪ್ಪಿಗೆ ಇದ್ದರೆ ಬಿಡುವೂ ಸೇರಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಐಟಿ ಕಂಪನಿಗಳ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸುವ ಪ್ರಸ್ತಾವ 2024ರಲ್ಲಿ ಬಂದು, ನೌಕರರ ಸಂಘ ಬೀದಿಗಿಳಿದ ಮೇಲೆ ತಣ್ಣಗಾಯಿತು. ವಾರಕ್ಕೆ 54 ಇದ್ದದ್ದನ್ನು 48ಕ್ಕೆ ಇಳಿಸಿದ್ದು 1946ರಲ್ಲಿ, ಕಾರ್ಮಿಕ ಖಾತೆಯ ಹೊಣೆ ಅಂಬೇಡ್ಕರ್ ಅವರ ಕೈಯಲ್ಲಿದ್ದಾಗ. ಆಗಿನ ಬಡ ದೇಶ ಕೊಟ್ಟದ್ದನ್ನು ಈಗಿನ ದೇಶ ಕೊಡಲಾರದೆಂದು ಯಾರಾದರೂ ಹೇಳಿದರೆ, ಅದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ಅವುಗಳಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳ ಇದೆ. ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಕಾರ್ಖಾನೆ ಎನ್ನಿಸಿಕೊಳ್ಳುತ್ತಿದ್ದದ್ದು ಈಗ 20 ಆಗಿದೆ. ಹದಿನೈದು ಮಿಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡಿಸುವ ಶೆಡ್ಡುಗಳು ಇದರಿಂದ ಆ ಹೆಸರಿನಿಂದಲೇ ಜಾರಿಕೊಂಡವು. ಇನ್‌ಸ್ಪೆಕ್ಟರ್ ಹೋಗಿ ಇನ್‌ಸ್ಪೆಕ್ಟರ್ ಮತ್ತು ಸುಗಮಕಾರ ಬಂದಿದ್ದಾನೆ. ಆದರೆ ಅವುಗಳಲ್ಲೇ ಇರುವ ಕೆಲವು ಮಾತುಗಳನ್ನು ಕೆಲಸಗಾರರು ಬಾಯಿಪಾಠ ಮಾಡಿಕೊಳ್ಳಬೇಕು. ಓಟಿ ದುಡಿಸಲು ಕೆಲಸಗಾರರ ಒಪ್ಪಿಗೆ ಬೇಕು. ಓಟಿಗೆ ಈಗಲೂ ಎರಡರಷ್ಟು. ಸಂಬಳದ ಚೀಟಿ ಕೊಡಲೇಬೇಕು. ಬರಬೇಕಾದ ಹಣಕ್ಕಾಗಿ ಅರ್ಜಿ ಹಾಕಲು ಮೂರು ವರ್ಷದ ಅವಧಿ ಇದೆ. ಹಿಂದೆ ಕನಿಷ್ಠ ವೇತನ ಕಾಯ್ದೆಯಲ್ಲಿ ಇದ್ದದ್ದು ಆರೇ ತಿಂಗಳು. ಅರ್ಜಿ ಬಂದ ಮೇಲೆ, ಹಣ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ. ಒಬ್ಬೊಬ್ಬರೇ ಹೋಗಬೇಕಿಲ್ಲ, ನೋಂದಾಯಿತ ಸಂಘ ಎಲ್ಲರ ಪರವಾಗಿ ಅರ್ಜಿ ಹಾಕಬಹುದು.

ಒಬ್ಬೊಬ್ಬರೇ ಹೋದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಲೈನ್ ಬದಲಾಗುತ್ತದೆ, ಬಾರದ ಮಿಷಿನ್‌ಗೆ ಹಾಕುತ್ತಾರೆ, ನಾಲ್ಕು ಜನರ ಮುಂದೆ ಬೈಗುಳ, ಕೊನೆಗೆ ಅವಳೇ ಬಿಡುತ್ತಾಳೆ. ಆದರೆ 2016ರ ಏಪ್ರಿಲ್ 18 ಮತ್ತು 19ನ್ನು ಬೆಂಗಳೂರು ಮರೆತಿಲ್ಲ. ಭವಿಷ್ಯ ನಿಧಿಯ ಹಣ ತೆಗೆಯಲು ಕೇಂದ್ರ ತಂದ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಬಂದರು, ಹೊಸೂರು ರಸ್ತೆ ನಿಂತುಹೋಯಿತು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. 19ರಂದೇ ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ಚಿಕ್ಕಮ್ಮನೂ ಆ ಗುಂಪಿನಲ್ಲಿದ್ದಳು. ಅಂದಿನ ಚೌಕದಲ್ಲಿ ಅಂಕಿ ಇರಲಿಲ್ಲ, "ರಸ್ತೆ" ಎಂದಷ್ಟೇ ಬರೆದಿದ್ದಳು.

ಅವಳು ಕೆಲಸ ಬಿಟ್ಟಾಗ ಲೆಕ್ಕ ಕೇಳಲು ಹೋಗಲಿಲ್ಲ. ಕೇಳಬಹುದು ಎಂದು ಹೇಳಿದವರೂ ಇರಲಿಲ್ಲ, ಓದಿಕೊಂಡಿದ್ದ ನಾನೂ ಹೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇಂದಿಗೂ ಇದೆ. ಹಳೆಯ ಕ್ಯಾಲೆಂಡರ್ ಹಾಳೆಗಳು ಒಳ್ಳೆಯ ಗಟ್ಟಿ ಕಾಗದ. ಅವೆಲ್ಲ ಮೊಮ್ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಲು ಹೋದವು, ಅಂಕಿಗಳು ಒಳಮಗ್ಗುಲಾಗಿ.

ಗಾರ್ಮೆಂಟ್ಸ್‌ಗೆ ಹೋಗುವ ತಂಗಿಯೋ, ಅತ್ತಿಗೆಯೋ, ಪಕ್ಕದ ಮನೆಯಾಕೆಯೋ ನಿಮಗಿದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿಕೊಡಿ. ಕೂತ ಹೊತ್ತು, ಎದ್ದ ಹೊತ್ತು, ಊಟಕ್ಕೆ ಸಿಕ್ಕ ನಿಮಿಷ, ಗೇಟಿನಲ್ಲಿ ಕಾದ ನಿಮಿಷ ಈ ನಾಲ್ಕನ್ನು ದಿನವೂ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿ. ಪಕ್ಕದ ಮಿಷಿನ್‌ನವಳೂ ಬರೆಯಲಿ. ವರ್ಷ ಕಳೆದರೂ ಹಾಳೆ ಹರಿಯಬೇಡಿ, ಸಂಬಳದ ಚೀಟಿಯ ಜೊತೆಗೆ ಸುತ್ತಿ ಟ್ರಂಕಿನಲ್ಲಿಡಿ. ಮೂರು ವರ್ಷದವರೆಗೆ ಆ ಅಂಕಿಗಳಿಗೆ ಬೆಲೆ ಇದೆ.